ವ್ಯತ್ಯಾಸ ವರದಿ

ಮನಾಮದ ಈ ಗಲ್ಲಿಯಲ್ಲಿ
ದಿನಾರಿನ ಬೆನ್ನಿಗೆ ಮೂರು ಸೊನ್ನೆ.
ಒಂದು ಫಿಲ್ಸ್ ತಪ್ಪಿದರೂ ಶಟರು ಇಳಿಯುವುದಿಲ್ಲ.
ಲೆಕ್ಕ ಕೂಡುವ ತನಕ
ಯಾರಿಗೂ ಮನೆಯಿಲ್ಲ, ಊಟವಿಲ್ಲ.

ಒಮ್ಮೆ ಹದಿನೇಳು ದಿನಾರ್ ಇನ್ನೂರೈವತ್ತು ಫಿಲ್ಸ್ ಕಡಿಮೆ ಬಂತು.
ನೋಟಿಗೆ ನೋಟು ಅಂಟಿರಬೇಕು, ಆಗಸ್ಟಿನ ಬೆವರು.
ಸಂಬಳದಲ್ಲಿ ಮುರಿದುಕೊಂಡರು,
ಆ ಇನ್ನೂರೈವತ್ತನ್ನೂ ಬಿಡದೆ.
ದೂರುತ್ತಿಲ್ಲ. ನಿಯಮ.
ವ್ಯತ್ಯಾಸ ಎಷ್ಟು, ಯಾವಾಗಿನಿಂದ, ಕಾರಣವೇನು:
ಹಳದಿ ಕಾಗದ, ಎರಡು ಸಹಿ.

ನಾನು ಮೂರನೇ ಕೌಂಟರು.
ಜುಲಿಯಾನಾ, ಶಿರ್ವದ ಹತ್ತಿರ ಪಿಲಾರು.
ಒಂಬತ್ತು ವರ್ಷ ಗಾಜಿನ ಈಚೆ ಕೂತು
ಈಗ ಜನರ ಗುರುತು ಹತ್ತುವುದು
ಮುಖದಿಂದಲ್ಲ, ಕಳಿಸುವ ಮೊತ್ತದಿಂದ.
ಓಬುಳಮ್ಮ, ಕಡಪ: ತೊಂಬತ್ತರಲ್ಲಿ ಎಂಬತ್ತೈದು.
ಅದೇ ವಿಲ್ಲಾದ ಬಶೀರ: ನೂರಎಂಬತ್ತರಲ್ಲಿ ನೂರೈವತ್ತು.
"ಅಡುಗೆ ನಾನೂ ಮಾಡ್ತೀನಮ್ಮಾ, ಒಲೆ ಒಂದೇ.
ಅವನ ವೀಸಾದಲ್ಲಿ ಕುಕ್ಕು ಅಂತ ಬರೆದವ್ರೆ,
ನನ್ನದರಲ್ಲಿ ಮನೆಗೆಲಸ."
ರಸೀದಿ ಹರಿದು ಕೊಟ್ಟೆ.
ಅದು ಗಾಜಿನ ಆಚೆಯ ಸಂಗತಿ ಅಂದುಕೊಂಡೆ.

ನಾಲ್ಕನೆಯದು ಸುಕೇಶ ಅಂಚನ್, ಹಳೆಯಂಗಡಿಯವನು.
ನಾನು ಬಂದು ಮೂರು ವರ್ಷಕ್ಕೆ ಬಂದ.
ಖೋಟಾ ನೋಟನ್ನು ಬೆರಳಲ್ಲಿ ಚಿಮ್ಮಿಸಿ
ಸದ್ದಿನಲ್ಲೇ ಹಿಡಿಯುವುದು ನಾನು ಕಲಿಸಿದ್ದು.
ಒಳ್ಳೆಯವನು. ನನಗೆ ಜ್ವರ ಬಂದಾಗ
ಗುದೈಬಿಯಾದಿಂದ ಗಂಜಿ ತಂದಿದ್ದ, ಮಿಡಿ ಉಪ್ಪಿನಕಾಯಿ ಸಮೇತ.

ತನ್ನ ದುಡ್ಡನ್ನು ತಾನೇ ಕಳಿಸಿಕೊಳ್ಳುವ ಹಾಗಿಲ್ಲ ಇಲ್ಲಿ,
ಪಕ್ಕದ ಕಿಂಡಿಗೆ ಹೋಗಬೇಕು.
ಈ ತಿಂಗಳು ಒಂದನೇ ಕೌಂಟರಿನ ಸಲೀಂ ರಜೆ,
ಸುಕೇಶನ ಫಾರ್ಮು ಮೊದಲ ಸಲ ನನ್ನ ಹತ್ತಿರ ಬಂತು.
ಆದಾಯದ ಮೂಲ: ಸಂಬಳ.
ಮುನ್ನೂರ ನಲವತ್ತೈದು.
ನನ್ನದು ಇನ್ನೂರ ತೊಂಬತ್ತು.
ಬೆರಳು ತಪ್ಪಿತೆಂದು ಅಳಿಸಿ ಮತ್ತೆ ಹೊಡೆದೆ.
ಅಂಕಿ ಅದೇ.

ಕುರುವಿಳ ಸಾರ್ ಚಹಾ ತರಿಸಿದರು. ಒಳ್ಳೆಯ ಲಕ್ಷಣವಲ್ಲ ಅದು.
ಅವನಿಗೆ ಸಂಸಾರ ಇದೆ, ಅಂದರು.
ನನಗೇನು? ವಾರಕ್ಕೆರಡು ಸಲ ಅಮ್ಮನ ಡಯಾಲಿಸಿಸ್,
ತಮ್ಮನ ಫೀಸು, ಸೋರುವ ಹಂಚು.
ಅವನು ರಾತ್ರಿ ಕ್ಯಾಶ್ ವ್ಯಾನಿನಲ್ಲಿ ಹೋಗುತ್ತಾನೆ, ಅಂದರು.
ನನ್ನನ್ನು ಕಳಿಸಿಯೇ ಇಲ್ಲವಲ್ಲ?
ಹೆಂಗಸನ್ನು ಹೇಗಮ್ಮಾ ಕಳಿಸುವುದು.
ನೀನು ನಾಳೆ ಮದುವೆಯಾಗಿ ಹೋಗುವವಳು, ಅಂದರು.
ಒಂಬತ್ತು ವರ್ಷದಿಂದ ಹೋಗುತ್ತಲೇ ಇದ್ದೇನೆ, ಸಾರ್.
ಅವರು ನಕ್ಕರು. ನಾನೂ ನಕ್ಕೆ, ಅಭ್ಯಾಸ.
ಕಡೆಗೆ:
ಅವನು ಕೇಳಿದ. ನೀನು ಕೇಳಲಿಲ್ಲ.

ಇದಕ್ಕೆ ಮಾತ್ರ ನಾಲಿಗೆ ಏಳಲಿಲ್ಲ.
ಚಹಾದ ಮೇಲೆ ಕೆನೆ ಕಟ್ಟಿತ್ತು.
ನಿಜ, ಕೇಳಿರಲಿಲ್ಲ.
ಕೇಳುವುದಕ್ಕೆ ಮೊದಲು ಗೊತ್ತಿರಬೇಕಲ್ಲ.

ಆಮೇಲೆ ಬಸ್ಸಿನಲ್ಲಿ, ಹೂರಾದ ತಿರುವಿನಲ್ಲಿ ಹೊಳೆಯಿತು:
ಗೊತ್ತಿತ್ತು. ನನಗಲ್ಲ.
ನನ್ನ ಫಾರ್ಮು ಆರು ವರ್ಷದಿಂದ ಹೋಗುವುದು
ನಾಲ್ಕನೇ ಕೌಂಟರಿಗೇ.
ತಿಂಗಳಿಗೊಮ್ಮೆ ನನ್ನ ಸಂಬಳವನ್ನು ಒತ್ತಿದ್ದು
ಖೋಟಾ ಹಿಡಿಯುವ ಅದೇ ಬೆರಳು.
ಒಮ್ಮೆಯೂ ಸದ್ದು ಕೇಳಿಸಲಿಲ್ಲವೆ ಅದಕ್ಕೆ?
ಗಂಜಿಯ ನೆನಪಾಗಿ
ಸಿಟ್ಟು ಪೂರ್ತಿ ಬರಲಿಲ್ಲ. ಮುಕ್ಕಾಲು ಬಂತು.

ಇವತ್ತು ಗುರುವಾರ, ರಾತ್ರಿ ಒಂಬತ್ತೂವರೆ.
ಲೆಕ್ಕ ಕೂಡಿತು, ಫಿಲ್ಸ್ ಸಮೇತ.
ಆದರೂ ಹಳದಿ ಕಾಗದವೊಂದನ್ನು ಎಳೆದುಕೊಂಡೆ.
ವ್ಯತ್ಯಾಸ: ಐವತ್ತೈದು ದಿನಾರ್, ಸೊನ್ನೆ ಸೊನ್ನೆ ಸೊನ್ನೆ.
ಯಾವಾಗಿನಿಂದ: ಕಂಪನಿಗೆ ಗೊತ್ತು.
ಕಾರಣಕ್ಕೆ ಮೂರು ಗೆರೆ ಜಾಗವಿದೆ,
ಖಾಲಿ ಬಿಟ್ಟೆ.
ಮೊದಲ ಸಹಿ ನನ್ನದು.
ಎರಡನೆಯದಕ್ಕೆ ನಾಲ್ಕನೇ ಕೌಂಟರಿಗೆ ಜಾರಿಸಿದೆ.

ಸುಕೇಶ ಓದಿದ. ಮತ್ತೊಮ್ಮೆ ಓದಿದ.
ಶಟರು ಅರ್ಧ ಇಳಿದಿತ್ತು,
ಅಡಿಯಲ್ಲಿ ಬೀದಿಯ ಕಾಲುಗಳಷ್ಟೇ ಓಡಾಡುತ್ತಿದ್ದವು.
ಕಿಸೆಯಲ್ಲಿ ಅವನದೇ ಪೆನ್ನಿತ್ತು.

ನನ್ನದನ್ನು ಕೇಳಿದ.